ಹೇಳಿಕೊಳ್ಳಲಾಗದ ತುರಿಕೆಯ ಹದಿಮೂರು ತಿಂಗಳು

ಹೋದ ಭಾನುವಾರ ರಾತ್ರಿ ಊಟವಾದ ಮೇಲೆ, ವಾರಕ್ಕೊಂದರಂತೆ ನುಂಗುತ್ತಿದ್ದ ಮಾತ್ರೆಗಳಲ್ಲಿ ಇಪ್ಪತ್ತಾರನೆಯದನ್ನು, ಅಂದರೆ ಕೊನೆಯದನ್ನು, ನುಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಕಳೆದ ವರ್ಷದ ಜುಲೈನಿಂದ ಈ ವರ್ಷದ ಆಗಸ್ಟ್‌ವರೆಗೆ ನನ್ನನ್ನು ಕಾಡಿದ್ದು ಯೋನಿಯ ಯೀಸ್ಟ್ ಸೋಂಕು, ಅಂದರೆ ಒಂದು ಬಗೆಯ ಶಿಲೀಂಧ್ರದ ಸೋಂಕು. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲ. ‘ಬಿಳಿ ಹೋಗ್ತದೆ’, ‘ಉಷ್ಣ ಆಗಿದೆ’ ಎಂಬ ಎರಡು ಮಾತುಗಳಲ್ಲಿ ಎಲ್ಲ ಕಾಯಿಲೆಗಳೂ ಮುಗಿದುಹೋಗುತ್ತವೆ. ಈ ಹದಿಮೂರು ತಿಂಗಳಲ್ಲಿ ಮೊದಲ ಆರು ತಿಂಗಳು ನನ್ನನ್ನು ಯಾರೂ ಪರೀಕ್ಷೆ ಮಾಡಲಿಲ್ಲ, ನಾನೂ ಮಾಡಗೊಡಲಿಲ್ಲ. ಆ ಆರು ತಿಂಗಳು ಬೇರೆ ಯಾರಿಗೂ ವ್ಯರ್ಥವಾಗಬಾರದೆಂದು ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತಿದ್ದೇನೆ.

ನನಗೆ ನಲವತ್ತಮೂರು ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ, ಸ್ವಲ್ಪ ಅಡಿಕೆ ತೋಟವಿದೆ. ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ಜುಲೈ ತಿಂಗಳಿನಲ್ಲಿ ದವಡೆಯ ಹಲ್ಲಿಗೆ ಕೀವು ತುಂಬಿ ಮುಖ ಊದಿಕೊಂಡಾಗ ಹಲ್ಲಿನ ವೈದ್ಯರು ಐದು ದಿನಗಳ ಆ್ಯಂಟಿಬಯೋಟಿಕ್ ಕೊಟ್ಟರು. ಹಲ್ಲು ನೋವು ಹೋಯಿತು. ಅದಾಗಿ ವಾರ ಕಳೆಯುವಷ್ಟರಲ್ಲಿ ತುರಿಕೆ ಶುರುವಾಯಿತು. ಮೊದಲು ಸಂಜೆ ಹೊತ್ತು ಮಾತ್ರ, ನಂತರ ಹಗಲು ರಾತ್ರಿ. ಹೊರಭಾಗದ ಚರ್ಮ ಕೆಂಪಾಗಿ ಊದಿತು, ಮೂತ್ರ ತಾಗಿದರೆ ಗಾಯಕ್ಕೆ ಉಪ್ಪು ಸವರಿದಂತೆ ಉರಿಯುತ್ತಿತ್ತು. ಬಟ್ಟೆಯಲ್ಲಿ ಬಸಿದ ಮೊಸರಿನ ಗಟ್ಟಿಯಂತೆ ಬಿಳಿ ಬಿಳಿಯಾಗಿ ಸ್ರಾವ ಕಾಣುತ್ತಿತ್ತು, ಆದರೆ ವಾಸನೆ ಇರಲಿಲ್ಲ. ವಾಸನೆ ಇಲ್ಲದ್ದನ್ನು ಇಲ್ಲಿ ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ವೈದ್ಯೆ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಆಗ ಹಲ್ಲಿನ ಮಾತ್ರೆಗೂ ಇದಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಮಳೆಗೆ ಬೈದುಕೊಂಡೆ. ನಮ್ಮಲ್ಲಿ ಜುಲೈ ಎಂದರೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಚ್ಚಲ ಹಂಡೆಯ ಒಲೆಯ ಮೇಲೆ ತಂತಿ ಕಟ್ಟಿ, ಒಳಬಟ್ಟೆಯನ್ನು ಲಂಗದ ಮರೆಯಲ್ಲಿ ಹರವಿ, ಹೊಗೆ ವಾಸನೆ ಹಿಡಿದ, ಅಂಚು ಇನ್ನೂ ತೇವವಿರುವ ಬಟ್ಟೆಯನ್ನೇ ಬೆಳಿಗ್ಗೆ ಉಟ್ಟು ಬಸ್ಸಿಗೆ ಓಡುವುದು ಎಷ್ಟೋ ವರ್ಷಗಳ ಅಭ್ಯಾಸ. ಅತ್ತೆಯವರು ನನ್ನ ಚಡಪಡಿಕೆ ಗಮನಿಸಿ, ‘ಉಷ್ಣ ಆಗಿದೆ ನಿಂಗೆ’ ಎಂದು ದಿನಾ ಮೆಂತ್ಯ ನೆನೆಸಿದ ನೀರನ್ನೂ ಬೆಲ್ಲ ಹಾಕಿದ ಮುರುಗಲ ಹಣ್ಣಿನ ಪಾನಕವನ್ನೂ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದನ್ನು ನಾನು ದಿನಕ್ಕೆ ಎರಡು ಲೋಟ ಕುಡಿದೆ. ಆ ಬೆಲ್ಲದ ವಿಷಯ ಮುಂದೆ ಬರುತ್ತದೆ.

ಆಗಸ್ಟ್ ಮೊದಲ ವಾರ ತಡೆಯಲಾರದೆ ಪೇಟೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಹೇಳಲಾರದೆ ತಲೆನೋವಿನ ಮಾತ್ರೆ ಕೊಂಡು ಹೊರಗೆ ಬಂದು, ಇನ್ನೊಂದು ಬೀದಿಯ ಅಂಗಡಿ ಹುಡುಕಿದೆ. ಅಲ್ಲಿನ ಹೆಂಗಸು ಒಂದೇ ಒಂದು ಮಾತ್ರೆ ಕೊಟ್ಟರು, ಫ್ಲುಕೊನಾಜೋಲ್ 150 ಮಿಲಿಗ್ರಾಂ. ಇಪ್ಪತ್ತು ರೂಪಾಯಿಯೊಳಗೇ ಮುಗಿಯಿತು. ಮೂರನೆಯ ದಿನಕ್ಕೆ ತುರಿಕೆ ಇಳಿದು, ವಾರದಲ್ಲಿ ಪೂರ್ತಿ ನಿಂತಿತು. ಸಾಮಾನ್ಯ ಯೀಸ್ಟ್ ಸೋಂಕಿಗೆ ಅದೇ ಸರಿಯಾದ ಔಷಧಿ ಎಂದು ಈಗ ಗೊತ್ತಿದೆ. ಆದರೆ ಅದು ಯೀಸ್ಟ್ ಸೋಂಕೇ ಎಂದು ಆಗ ಯಾರಿಗೂ ಖಚಿತವಿರಲಿಲ್ಲ, ಆ ಹೆಂಗಸಿಗೂ, ನನಗೂ. ನಾನು ಗರ್ಭಿಣಿಯೇ ಎಂದೂ ಯಾರೂ ಕೇಳಲಿಲ್ಲ. ಗರ್ಭಿಣಿಯರಿಗೆ ಈ ನುಂಗುವ ಮಾತ್ರೆ ಕೊಡುವುದಿಲ್ಲ, ಹಚ್ಚುವ ಅಥವಾ ಒಳಗಿಡುವ ಔಷಧಿಯನ್ನು ಏಳು ದಿನ ಕೊಡುತ್ತಾರೆ. ವಾಂತಿ ಇಲ್ಲದೆ ಎರಡು ತಿಂಗಳು ಕಳೆಯುವ ಬಸುರಿಯರೂ ಇರುತ್ತಾರೆ, ಆದ್ದರಿಂದ ಮುಟ್ಟು ತಪ್ಪಿದ್ದರೆ ಅಂಗಡಿಯಿಂದ ಈ ಮಾತ್ರೆ ತಂದು ನುಂಗಬೇಡಿ.

ಅಕ್ಟೋಬರ್‌ನಲ್ಲಿ ನವರಾತ್ರಿಯ ಹೊತ್ತಿಗೆ ಮತ್ತೆ ಬಂತು. ಈ ಸಲ ಅತ್ತಿಗೆಯ ಮನೆಯಲ್ಲಿದ್ದ, ತೊಡೆಸಂದಿನ ತುರಿಕೆಗೆಂದು ಅವರು ತಂದಿದ್ದ ಟ್ಯೂಬ್ ಹಚ್ಚಿದೆ. ಹಚ್ಚಿದ ಗಂಟೆಯೊಳಗೆ ತಂಪಾಯಿತು, ಎರಡು ದಿನ ನೆಮ್ಮದಿಯಿಂದ ನಿದ್ದೆ ಮಾಡಿದೆ. ಹತ್ತು ದಿನ ಕಳೆಯುವಾಗ ಚರ್ಮ ತೆಳುವಾಗಿ ಹೊಳೆಯುತ್ತಿತ್ತು, ಬರೀ ನೀರು ತಾಗಿದರೂ ಉರಿ. ಆ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಬಲವಾದ ಸ್ಟೀರಾಯ್ಡ್ ಮತ್ತು ಆ್ಯಂಟಿಬಯೋಟಿಕ್ ಕೂಡಿಸಿದ್ದರು. ಸ್ಟೀರಾಯ್ಡ್ ತುರಿಕೆಯನ್ನು ಮುಚ್ಚಿಡುತ್ತದೆ, ಚರ್ಮವನ್ನು ತೆಳುಗೊಳಿಸುತ್ತದೆ, ಒಳಗೆ ಸೋಂಕು ತನ್ನ ಪಾಡಿಗೆ ಬೆಳೆಯುತ್ತದೆ. ನಮ್ಮ ಊರುಗಳ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂತಹ ಟ್ಯೂಬ್ ಇದೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ, ವೈದ್ಯರು ಹೇಳದೆ ಆ ಜಾಗಕ್ಕೆ ಅದನ್ನು ಮುಟ್ಟಿಸಬಾರದು ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಸಿನೀರಿಗೆ ಡೆಟಾಲ್ ಹಾಕಿ ತೊಳೆಯುವುದೂ ಅಷ್ಟೇ. ಅದನ್ನೂ ನಾನು ಮಾಡಿದ್ದೆ, ಉರಿ ಇಮ್ಮಡಿಯಾಗಿತ್ತು.

ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಒಬ್ಬ ವೈದ್ಯರ ಹತ್ತಿರ ಹೋದೆ. ಅವರು ಗಂಡಸರು, ವಯಸ್ಸಾದವರು, ನಮ್ಮ ಮಾವನವರಿಗೆ ಪರಿಚಿತರು. ಹೊರಗೆ ಬೆಂಚಿನಲ್ಲಿ ಊರಿನವರೇ ಆರು ಜನ ಕುಳಿತಿದ್ದರು, ಪರದೆಯ ಆಚೆ ಮಾತನಾಡಿದ್ದೆಲ್ಲ ಈಚೆ ಕೇಳಿಸುತ್ತಿತ್ತು. ನಾನು ‘ಉರಿಮೂತ್ರ’ ಎಂದಷ್ಟೇ ಹೇಳಿದೆ. ಅವರು ಮೂತ್ರ ಪರೀಕ್ಷೆಗೂ ಬರೆಯದೆ ಏಳು ದಿನಗಳ ಆ್ಯಂಟಿಬಯೋಟಿಕ್ ಕೊಟ್ಟರು. ಪೂರ್ತಿ ಏಳು ದಿನ ನುಂಗಿದೆ. ಎಂಟನೆಯ ದಿನ ನಡೆಯುವುದೇ ಕಷ್ಟವಾಯಿತು. ತರಗತಿಯಲ್ಲಿ ಕಪ್ಪುಹಲಗೆಯ ಮುಂದೆ ನಿಂತು, ಕಾಲುಗಳನ್ನು ಸ್ವಲ್ಪ ಅಗಲಿಸಿಕೊಂಡು, ಸೀರೆಯ ನೆರಿಗೆಯೊಳಗೆ ಉಗುರು ಒತ್ತಿಕೊಂಡು ಪಾಠ ಮಾಡಿದ ಆ ವಾರವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಮೂತ್ರ ಹೊರಡುವಾಗ ಒಳಗೇ ಉರಿಯುವುದು ಬೇರೆ, ಹೊರಬಂದ ಮೂತ್ರ ಕೆರೆದು ಕೆಂಪಾದ ಚರ್ಮಕ್ಕೆ ತಾಗಿ ಉರಿಯುವುದು ಬೇರೆ. ಈ ವ್ಯತ್ಯಾಸವನ್ನು ನಾನು ಬಾಯಿಬಿಟ್ಟು ಹೇಳಿದ್ದರೆ ಆ ವೈದ್ಯರಿಗೂ ದಾರಿ ತಿಳಿಯುತ್ತಿತ್ತು.

ಆ ರಾತ್ರಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅದಕ್ಕೂ ಮೊದಲು ಅವರಿಂದ ದೂರ ಮಲಗಲು ಏನೇನೋ ನೆಪ ಹುಡುಕಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ’ ಎಂದರು. ಮಾರನೆಯ ದಿನವೇ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಒಬ್ಬ ಸ್ತ್ರೀರೋಗ ತಜ್ಞೆಯ ಬಳಿ ಸಮಯ ಕೇಳಿದರು. ಸಿಕ್ಕಿದ್ದು ಜನವರಿಯ ಎರಡನೆಯ ವಾರ.

ಶಿವಮೊಗ್ಗಕ್ಕೆ ನಮ್ಮಿಂದ ಎರಡೂವರೆ ಗಂಟೆಯ ದಾರಿ. ನಮ್ಮ ಕಡೆ ಓಡುವುದು ಖಾಸಗಿ ಬಸ್ಸುಗಳೇ ಆದ್ದರಿಂದ ಹೆಂಗಸರ ಉಚಿತ ಪ್ರಯಾಣ ನಮಗೆ ಸಿಗುವುದಿಲ್ಲ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟು ಹೊತ್ತೂ ಒಂದೇ ಯೋಚನೆ: ಅವರು ಪರೀಕ್ಷೆ ಮಾಡುತ್ತೇನೆಂದರೆ ಏನು ಮಾಡುವುದು. ಎರಡು ಗಂಟೆ ಕಾದ ಮೇಲೆ ಕರೆದರು. ವೈದ್ಯೆ ನನಗಿಂತ ಚಿಕ್ಕವರು. ನನ್ನ ಮಾತನ್ನು ಪೂರ್ತಿ ಕೇಳಿ, ‘ಮೂರು ಸಲ ಬಂದಿದೆ ಅಂತೀರಿ, ಒಂದು ಸಲವೂ ಯಾರೂ ನೋಡ್ಲಿಲ್ವಾ?’ ಎಂದರು. ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಯಾವ ಯಾವ ಮಾತ್ರೆ, ಯಾವಾಗ, ಎಷ್ಟು ದಿನ ಎಂದು ಕೇಳಿದರು. ಒಂದು ಚೀಟಿಯೂ ಖಾಲಿ ಸ್ಟ್ರಿಪ್ಪೂ ನನ್ನ ಬಳಿ ಇರಲಿಲ್ಲ, ನೆನಪಿನಿಂದ ಅರ್ಧ ಹೇಳಿದೆ. ಹೋಗುವವರು ಹಿಂದಿನ ಎಲ್ಲ ಚೀಟಿಗಳನ್ನೂ ಟ್ಯೂಬಿನ ಡಬ್ಬಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಕೊನೆಯ ಮುಟ್ಟಿನ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ.

ಅಲ್ಲಿ ನಾನು ಎಣಿಸದಿದ್ದ ಅಡ್ಡಿಯೊಂದು ಎದುರಾಯಿತು. ಬರುವ ಹಿಂದಿನ ರಾತ್ರಿ, ಪ್ರಯಾಣದಲ್ಲಿ ತುರಿಕೆ ಕಡಿಮೆ ಇರಲೆಂದು, ಒಳಗಿಡುವ ಕ್ಲೋಟ್ರಿಮಜೋಲ್ ಎಂಬ ಶಿಲೀಂಧ್ರದ ಮಾತ್ರೆಯೊಂದನ್ನು ತರಿಸಿ ಇಟ್ಟುಕೊಂಡಿದ್ದೆ. ಔಷಧಿ ಒಳಗಿರುವಾಗ ಸ್ರಾವದ ಮಾದರಿ ತೆಗೆದರೆ ಫಲಿತಾಂಶ ನಂಬುವಂತಿರುವುದಿಲ್ಲ ಎಂದು ವೈದ್ಯೆ ಹೇಳಿ, ಏನನ್ನೂ ಹಚ್ಚದೆ, ನುಂಗದೆ, ಎರಡು ವಾರ ಬಿಟ್ಟು, ಮುಟ್ಟಿನ ದಿನಗಳನ್ನು ತಪ್ಪಿಸಿ ಬರಲು ತಿಳಿಸಿದರು. ಆ ದಿನದ ನಾಲ್ಕುನೂರು ರೂಪಾಯಿ ಶುಲ್ಕ, ಬಸ್ಸಿನ ಹಣ, ಒಂದು ದಿನದ ರಜೆ ಎಲ್ಲವೂ ಹೋದವು. ಬಸ್‌ನಿಲ್ದಾಣದಲ್ಲಿ ಕುಳಿತು ಅತ್ತುಬಿಟ್ಟೆ. ಆ ಎರಡು ವಾರಗಳನ್ನು ತಣ್ಣೀರಿನಲ್ಲಿ ಅದ್ದಿದ ಹತ್ತಿಯ ಬಟ್ಟೆ ಇಟ್ಟುಕೊಂಡು, ಸೋಪು ಮುಟ್ಟಿಸದೆ ಬರೀ ನೀರಿನಲ್ಲಿ ತೊಳೆದು, ಹೇಗೋ ದಾಟಿದೆ.

ಜನವರಿಯ ಕೊನೆಯ ವಾರ ಪರೀಕ್ಷೆ ನಡೆಯಿತು. ನಾನು ವರ್ಷಗಟ್ಟಲೆ ಹೆದರಿದ್ದ ಆ ಪರೀಕ್ಷೆ ಐದು ನಿಮಿಷದ್ದು. ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು, ಹೊದಿಕೆ ಇತ್ತು, ವೈದ್ಯೆ ಪ್ರತಿಯೊಂದನ್ನೂ ಮಾಡುವ ಮೊದಲು ಹೇಳಿ ಮಾಡಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಮಾದರಿ ತೆಗೆದು, ಒಂದು ಬಣ್ಣದ ಕಾಗದಕ್ಕೆ ತಾಗಿಸಿ ಆಮ್ಲೀಯತೆ ನೋಡಿದರು. ಪಿಎಚ್ 4.5ಕ್ಕಿಂತ ಕಡಿಮೆ ಇತ್ತು. ಬ್ಯಾಕ್ಟೀರಿಯಾಗಳ ಏರುಪೇರಿನಿಂದ ಆಗುವ ಇನ್ನೊಂದು ತೊಂದರೆಯಲ್ಲಿ ಅದು 4.5 ದಾಟಿರುತ್ತದೆ, ಸ್ರಾವ ತೆಳುವಾಗಿ ಮೀನಿನ ವಾಸನೆ ಬರುತ್ತದೆ, ಅದಕ್ಕೆ ಔಷಧಿಯೇ ಬೇರೆ. ಟ್ರೈಕೊಮೊನಾಸ್ ಎಂಬ ಮತ್ತೊಂದಿದೆ, ಅದು ಸಂಗಾತಿಯಿಂದ ಬರುವಂಥದ್ದು, ಅದರಲ್ಲಿ ಇಬ್ಬರಿಗೂ ಚಿಕಿತ್ಸೆ ಬೇಕು. ಮೂರಕ್ಕೂ ನಾವು ‘ಬಿಳಿ ಹೋಗುವುದು’ ಎನ್ನುತ್ತೇವೆ. ಮಾದರಿಯ ಇನ್ನೊಂದು ಭಾಗವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯ ಜೊತೆ ಗಾಜಿನ ಪಟ್ಟಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಮತ್ತೊಂದನ್ನು ಕಲ್ಚರ್‌ಗೆ, ಅಂದರೆ ಯಾವ ಜಾತಿಯದೆಂದು ತಿಳಿಯಲು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸಿದರು.

ಅರ್ಧ ಗಂಟೆಯ ನಂತರ ವೈದ್ಯೆ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚಿತ್ರ ಬಿಡಿಸಿದರು. ಒಂದು ದುಂಡನೆಯ ಕಾಳು, ಅದರ ಪಕ್ಕಕ್ಕೆ ಅಂಟಿದ ಇನ್ನೊಂದು ಚಿಕ್ಕ ಕಾಳು. ಆ ಕಡೆ ತುಂಡು ತುಂಡು ಶಾವಿಗೆಯನ್ನು ಜೋಡಿಸಿದಂತೆ ಉದ್ದನೆಯ ಎಳೆ. ಕಾಳು ಮೊಗ್ಗೊಡೆದು ಹೆಚ್ಚುತ್ತದೆ, ಎಳೆಯಾಗಿ ಚಾಚಿಕೊಂಡಾಗ ಚರ್ಮದೊಳಗೆ ಇಳಿಯುತ್ತದೆ ಎಂದರು. ಆ ಚೀಟಿ ಇನ್ನೂ ನನ್ನ ಬಳಿ ಇದೆ. ಇದು ಹೊರಗಿನಿಂದ ಅಂಟಿದ್ದಲ್ಲ, ಕ್ಯಾಂಡಿಡಾ ಎಂಬ ಈ ಯೀಸ್ಟ್ ಹತ್ತರಿಂದ ಇಪ್ಪತ್ತು ಶೇಕಡಾ ಹೆಂಗಸರಲ್ಲಿ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುತ್ತದೆ, ನಾಲ್ವರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ಬಂದೇ ಬರುತ್ತದೆ ಎಂದು ವಿವರಿಸಿದರು. ಒಳಗೆ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಆ್ಯಂಟಿಬಯೋಟಿಕ್ ಕೊಂದಾಗ ಯೀಸ್ಟ್ ಹೆಚ್ಚಿಕೊಳ್ಳುತ್ತದೆ. ಹಲ್ಲಿನ ಮಾತ್ರೆಗೆ ಒಮ್ಮೆ, ಉರಿಮೂತ್ರದ ಮಾತ್ರೆಗೆ ಮತ್ತೊಮ್ಮೆ, ನನ್ನ ದೇಹ ಸರಿಯಾಗಿಯೇ ಲೆಕ್ಕ ಇಟ್ಟಿತ್ತು. ಯಜಮಾನರಿಗೆ ಚಿಕಿತ್ಸೆ ಬೇಕೇ ಎಂದು ಅಳುಕುತ್ತ ಕೇಳಿದೆ. ಅವರಿಗೆ ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಬೇಡ, ಇದನ್ನು ಲೈಂಗಿಕ ರೋಗಗಳ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದರು. ಈ ಒಂದು ಮಾತು ಎಷ್ಟೋ ಮನೆಗಳ ಸಂಶಯವನ್ನು ಕಳೆಯಬಲ್ಲದು.

ಆಮೇಲೆ ಅವರು, ‘ಆ್ಯಂಟಿಬಯೋಟಿಕ್ ಒಂದೇ ಕಾರಣ ಆಗಿದ್ರೆ ಅಕ್ಟೋಬರ್‌ನಲ್ಲಿ ಯಾಕೆ ಬಂತು? ಶುಗರ್ ನೋಡಿದ್ದೀರಾ?’ ಎಂದರು. ನಾನು ನೋಡಿಸಿರಲಿಲ್ಲ. ರಾತ್ರಿ ಎರಡು ಸಲ ಮೂತ್ರಕ್ಕೆ ಏಳುವುದನ್ನೂ ಬಾಯಾರಿಕೆಯನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 8.4 ಬಂತು. 6.5 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಖಚಿತಪಡಿಸಿಕೊಳ್ಳಲು ಮಾಡಿದ ಖಾಲಿಹೊಟ್ಟೆಯ ಪರೀಕ್ಷೆಯಲ್ಲಿ 162, ಅಲ್ಲಿ ಗಡಿ 126. ನನ್ನ ಅಮ್ಮನಿಗೂ ಇದ್ದ ಕಾಯಿಲೆ ನನಗೆ ಬಂದಿರುವುದನ್ನು ಒಂದು ತುರಿಕೆ ಆರು ತಿಂಗಳಿನಿಂದ ಹೇಳುತ್ತಿತ್ತು, ನಾನು ಬೆಲ್ಲದ ಪಾನಕ ಕುಡಿಯುತ್ತಿದ್ದೆ. ಮನೆಗೆ ಬಂದು ಅತ್ತೆಯವರಿಗೆ ವರದಿ ತೋರಿಸಿದಾಗ ಅವರು ಮಾತನಾಡದೆ ಒಳಗೆ ಹೋಗಿ, ಪಾನಕದ ಭರಣಿಯನ್ನು ಎತ್ತಿ ಅಟ್ಟಕ್ಕಿಟ್ಟರು.

ಕಲ್ಚರ್ ವರದಿ ಐದನೆಯ ದಿನ ಬಂತು: ಕ್ಯಾಂಡಿಡಾ ಆಲ್ಬಿಕಾನ್ಸ್, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಜಾತಿ. ಇದಕ್ಕೆ ಫ್ಲುಕೊನಾಜೋಲ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಗ್ಲಾಬ್ರಾಟ ಅಥವಾ ಕ್ರೂಸಿ ಎಂಬ ಜಾತಿ ಬಂದಿದ್ದರೆ ಬೇರೆ ಔಷಧಿ ಯೋಚಿಸಬೇಕಾಗುತ್ತಿತ್ತು, ಮತ್ತೆ ಮತ್ತೆ ಬರುವವರಿಗೆ ಕಲ್ಚರ್ ಮಾಡಿಸುವುದು ಇದಕ್ಕಾಗಿಯೇ. ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ, ಚಿಕಿತ್ಸೆಯೂ ಉದ್ದವಾಗುತ್ತದೆ. ನನಗೆ 150 ಮಿಲಿಗ್ರಾಂ ಮಾತ್ರೆಯನ್ನು ಮೊದಲನೆಯ, ನಾಲ್ಕನೆಯ ಮತ್ತು ಏಳನೆಯ ದಿನ, ಆ ಬಳಿಕ ವಾರಕ್ಕೊಂದರಂತೆ ಆರು ತಿಂಗಳು ಬರೆದರು. ಅಷ್ಟು ದೀರ್ಘವಾಗಿ ತೆಗೆದುಕೊಳ್ಳುವುದರಿಂದ ಯಕೃತ್ತಿನ ಪರೀಕ್ಷೆ ಮಾಡಿಸಿ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿಕೊಂಡರು. ರಕ್ತ ತೆಳುಮಾಡುವ ವಾರ್ಫರಿನ್‌ನಂತಹ ಔಷಧಿಗಳ ಜೊತೆ ಇದು ಹೊಂದುವುದಿಲ್ಲ. ಸಕ್ಕರೆಗೆ ಮೆಟ್‌ಫಾರ್ಮಿನ್ ಶುರುವಾಯಿತು. ಡಾಪಾಗ್ಲಿಫ್ಲೋಜಿನ್‌ನಂತಹ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳಿಂದ ಈ ಸೋಂಕು ಹೆಚ್ಚುವುದುಂಟು, ಆದ್ದರಿಂದ ಸಕ್ಕರೆಯ ವೈದ್ಯರಿಗೆ ಈ ತೊಂದರೆಯನ್ನು ಮರೆಯದೆ ಹೇಳಿ ಎಂದರು. ಆ ಮಾತ್ರೆ ಈಗಾಗಲೇ ನುಂಗುತ್ತಿದ್ದು ತುರಿಕೆ ಇರುವವರು ತಾವಾಗಿ ನಿಲ್ಲಿಸದೆ, ವೈದ್ಯರನ್ನು ಕೇಳಿ.

ಖರ್ಚಿನ ವಿಷಯ. ಎರಡು ಭೇಟಿ, ಮಾದರಿ ಪರೀಕ್ಷೆ, ಕಲ್ಚರ್, ರಕ್ತಪರೀಕ್ಷೆಗಳು ಸೇರಿ ಸುಮಾರು ಮೂರು ಸಾವಿರ ರೂಪಾಯಿ. ಔಷಧಿಯ ಖರ್ಚು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಅಷ್ಟನ್ನು ಹೊಂದಿಸಲಾಗದವರಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಿವೆ. ಬಿಳಿಸ್ರಾವಕ್ಕೆ ಅಲ್ಲಿ ಹಸಿರು ಬಣ್ಣದ, ಎರಡನೆಯ ನಂಬರಿನ ಕಿಟ್ ಉಚಿತವಾಗಿ ಕೊಡುತ್ತಾರೆ. ಅದರಲ್ಲಿ ಫ್ಲುಕೊನಾಜೋಲ್ ಜೊತೆಗೆ ಬೇರೆ ಸೋಂಕುಗಳಿಗಾಗಿ ಸೆಕ್ನಿಡಜೋಲ್ ಕೂಡ ಇರುತ್ತದೆ. ನಮ್ಮ ಊರಿನ ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತಿತ್ತು. ನಾನು ಅವಳನ್ನು ಕೇಳಿರಲೇ ಇಲ್ಲ.

ಫೆಬ್ರುವರಿಯ ಮೂರು ಮಾತ್ರೆಗಳು ಮುಗಿಯುವಷ್ಟರಲ್ಲಿ ತುರಿಕೆ ಹೋಯಿತು, ಸ್ಟೀರಾಯ್ಡ್ ಹಾಳುಮಾಡಿದ್ದ ಚರ್ಮ ಸರಿಯಾಗಲು ಇನ್ನೂ ಆರು ವಾರ ಬೇಕಾಯಿತು. ತೊಂದರೆ ಪೂರ್ತಿ ನಿಂತ ಮೇಲೂ ಪ್ರತಿ ಭಾನುವಾರ ಮಾತ್ರೆ ನುಂಗುವುದು ನಾನಂದುಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಏಪ್ರಿಲ್‌ನಲ್ಲಿ ತಂಗಿಯ ಮಗಳ ಮದುವೆಯ ಓಡಾಟದಲ್ಲಿ ಒಂದು ವಾರ ಮರೆತು, ಬುಧವಾರ ನೆನಪಾಗಿ, ಫೋನ್ ಮಾಡಿ ಕೇಳಿಯೇ ನುಂಗಿದೆ. ಎಚ್‌ಬಿಎ1ಸಿ ಮೇ ತಿಂಗಳಿನಲ್ಲಿ 7.1, ಮೊನ್ನೆ ಆಗಸ್ಟ್‌ನಲ್ಲಿ 6.6. ಈ ಮಳೆಗಾಲದಲ್ಲಿ ಯಜಮಾನರು ಬಚ್ಚಲಿನ ಹೊರಗೋಡೆಗೆ ತಗಡಿನ ಮಾಡು ಇಳಿಸಿ, ಹೊಗೆ ತಾಗದಂತೆ ಗಾಳಿಯಾಡುವ ಒಂದು ಜಾಗ ಮಾಡಿಕೊಟ್ಟರು. ಹತ್ತಿಯ ಒಳಬಟ್ಟೆ ಪೂರ್ತಿ ಒಣಗಿದ ಮೇಲೆಯೇ ಉಡುತ್ತೇನೆ. ತೇವದ ಬಟ್ಟೆಯೊಂದರಿಂದಲೇ ಕಾಯಿಲೆ ಬರುವುದಿಲ್ಲ, ಆದರೆ ಸೋಂಕು ಬರುವ ದೇಹಕ್ಕೆ ಅದು ನೆರವಾಗುವುದಿಲ್ಲ ಎಂದಷ್ಟೇ ವೈದ್ಯೆ ಹೇಳಿದ್ದಾರೆ.

ಆರು ತಿಂಗಳ ಚಿಕಿತ್ಸೆ ನಿಲ್ಲಿಸಿದ ಮೇಲೆ ನೂರರಲ್ಲಿ ಮೂವತ್ತರಿಂದ ಐವತ್ತು ಹೆಂಗಸರಿಗೆ ಮತ್ತೆ ಬರುವುದುಂಟು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಹಾಗೆ ಬಂದರೆ, ಅಥವಾ ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ಕೆಟ್ಟ ವಾಸನೆ ಇವುಗಳಲ್ಲಿ ಯಾವುದು ಕಂಡರೂ, ಏನನ್ನೂ ಹಚ್ಚದೆ ನುಂಗದೆ ನೇರವಾಗಿ ಬನ್ನಿ, ಮಾದರಿ ತೆಗೆಯಬೇಕು ಎಂದು ಚೀಟಿಯ ಕೆಳಗೆ ಬರೆದು ಅಡಿಗೆರೆ ಎಳೆದಿದ್ದಾರೆ. ಆ ಚೀಟಿಯನ್ನು, ಕಾಳು ಮತ್ತು ಶಾವಿಗೆಯ ಚಿತ್ರವಿರುವ ಇನ್ನೊಂದು ಚೀಟಿಯ ಜೊತೆ, ಎಲ್ಲ ವರದಿಗಳಿರುವ ಫೈಲಿನಲ್ಲಿ ಮೇಲೆಯೇ ಇಟ್ಟುಕೊಂಡಿದ್ದೇನೆ. ಮುಂದಿನ ರಕ್ತಪರೀಕ್ಷೆ ನವೆಂಬರ್‌ನಲ್ಲಿ.